ಸಮಾಧಾನ ಬೇಡವೆಂದವಳು

ಆಸ್ಪತ್ರೆಯಿಂದ ಸೊಸೆ ಬರಿಗೈಯಲ್ಲಿ ಮನೆಗೆ ಬಂದ ದಿನ ಅತ್ತೆ ಬಾಗಿಲಲ್ಲೇ ನಿಂತು ಒಂದು ವಾಕ್ಯ ಹೇಳಿದರು.

"ದೇವರನ್ನ ಪ್ರೀತಿಸೋರಿಗೆ ಏನೇ ಆದ್ರೂ ಅದು ಒಳ್ಳೇದಕ್ಕೇ ಅಂತ ಬರೆದಿದೆ ಕಣಮ್ಮ. ಮನಸ್ಸು ಗಟ್ಟಿ ಮಾಡ್ಕೊ."

ಮೆಟ್ಟಿಲು ಹತ್ತಿದ ಸುಸ್ತಿಗೆ ಸೊಸೆ ಗೋಡೆ ಹಿಡಿದು ನಿಂತಿದ್ದಳು. ನರ್ಸ್ ಎದೆಗೆ ಬಿಗಿದು ಕಟ್ಟಿದ್ದ ಬಟ್ಟೆ ದಾರಿಯಲ್ಲೇ ಒದ್ದೆಯಾಗಿತ್ತು. ಕುಡಿಯುವವರಿಲ್ಲದ ಹಾಲು ಅಂಗಿಯವರೆಗೂ ಇಳಿದಿತ್ತು. ಅವಳು ಅತ್ತೆಯ ಮುಖವನ್ನೊಮ್ಮೆ ನೋಡಿದಳು. ಚಪ್ಪಲಿ ಬಿಟ್ಟು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂದಿನಿಂದ ಅತ್ತೆಯ ಜೊತೆ ಅವಳ ಮಾತು 'ಹೂಂ', 'ಬೇಡ', 'ಆಯ್ತು' ಇಷ್ಟಕ್ಕೇ ನಿಂತಿತು.

ಆದದ್ದಿಷ್ಟು. ಎಂಟು ತಿಂಗಳು ತುಂಬುವ ಹೊತ್ತಿಗೆ ಒಂದು ಮಧ್ಯಾಹ್ನ ಹೊಟ್ಟೆಯೊಳಗೆ ಮಗು ಅಲುಗಾಡುವುದನ್ನು ನಿಲ್ಲಿಸಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ರಕ್ತ ಹೋಗತೊಡಗಿತ್ತು. ಹೆರಿಗೆಯಾದದ್ದು ಅವಳಿಗೆ ಗೊತ್ತಾಗಲಿಲ್ಲ. ಜ್ವರದ ಮಂಪರು ಇಳಿದು ಕಣ್ಣು ಬಿಟ್ಟಾಗ ಮಗುವನ್ನು ಮಣ್ಣು ಮಾಡಿಯಾಗಿತ್ತು.

"ಹೆಣ್ಣು," ಎಂದಿದ್ದ ಗಂಡ, ಕಿಟಕಿಯ ಕಡೆ ನೋಡುತ್ತ. "ನಿನಗೆ ತೋರಿಸೋದು ಬೇಡ ಅಂದ್ಲು ಅಮ್ಮ. ನೋಡಿದ್ರೆ ಮರೆಯೋಕಾಗಲ್ಲ ಅಂತ."

ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲಿತ್ತು. ಎರಡು ಕೋಣೆ, ಒಂದು ನಡುಮನೆ, ಇಬ್ಬರು ಒಟ್ಟಿಗೆ ನಿಂತರೆ ಮೈಗೆ ಮೈ ತಗಲುವಂಥ ಅಡುಗೆಮನೆ. ಗಂಡ ಬೇಕರಿಯ ಒಲೆಯ ಮುಂದೆ ದುಡಿಯುವವನು. ಹುಬ್ಬಿನಲ್ಲಿ ಹಿಟ್ಟು ಹೊತ್ತುಕೊಂಡೇ ಮನೆಗೆ ಬರುವವನು. ನಾದಿನಿಯನ್ನು ಎಲ್ಲರೂ ಗಿಣಿ ಎನ್ನುತ್ತಿದ್ದರು. ಮಾತು ಶುರು ಮಾಡಿದರೆ ನಿಲ್ಲಿಸುವ ಗುಂಡಿ ಅವಳಿಗಿರಲಿಲ್ಲ. ಔಷಧಿ ಅಂಗಡಿಯ ಕೌಂಟರಿನಲ್ಲಿ ಅವಳ ಕೆಲಸ. ಮಾವ ಹರೆಯದಿಂದ ಮುಪ್ಪಿನವರೆಗೆ ಲಾರಿ ಓಡಿಸಿದವರು. ಎಂಜಿನ್ನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ, ಪಕ್ಕದಲ್ಲಿ ಕೂತವರ ಹತ್ತಿರ ಉಪ್ಪು ಕೇಳಿದರೂ ರಸ್ತೆಯಾಚೆಗೆ ಕೇಳಿಸುತ್ತಿತ್ತು. ಈಗ ಅವರ ಎರಡು ಕಣ್ಣೂ ಮುಚ್ಚುತ್ತ ಬಂದಿದ್ದವು. ನರವೇ ಒಣಗಿದೆ, ಆಪರೇಷನ್ನಿನಿಂದ ಪ್ರಯೋಜನವಿಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು.

ಅತ್ತೆಯ ವಿಷಯಕ್ಕೆ ಬಂದರೆ, ಅವರ ಹತ್ತಿರ ಪ್ರತಿಯೊಂದಕ್ಕೂ ಬೈಬಲಿನ ಒಂದು ವಾಕ್ಯವಿತ್ತು. ಮಗನಿಗೆ ಕೈ ಸುಟ್ಟರೆ ಒಂದು, ಮಗಳಿಗೆ ಬಸ್ಸು ತಪ್ಪಿದರೆ ಒಂದು. ಓದು ಅವರಿಗೆ ಅಷ್ಟಕ್ಕಷ್ಟೇ. ಅಕ್ಷರ ಕೂಡಿಸಿ ಕೂಡಿಸಿ ಓದುವಷ್ಟರಲ್ಲಿ ಸಾಲಿನ ತಲೆ ಮರೆತುಹೋಗುತ್ತಿತ್ತು. ಚರ್ಚಿನಲ್ಲಿ ಕೇಳಿದ್ದು, ಮಾವ ಊಟದ ಮೇಜಿನ ಮುಂದೆ ಓದಿದ್ದು, ಎಲ್ಲವನ್ನೂ ಕಿವಿಯಲ್ಲೇ ಹಿಡಿದು ಬಾಯಲ್ಲಿ ಇಟ್ಟುಕೊಂಡಿದ್ದರು.

"ಅಮ್ಮನ ಹತ್ರ ನೆಗಡಿಗೂ ವಾಕ್ಯ ಇದೆ," ಎನ್ನುತ್ತಿದ್ದಳು ಗಿಣಿ. "ನಮ್ಮ ಅಂಗಡೀಲೂ ಇಷ್ಟು ಸ್ಟಾಕಿಲ್ಲ."

ಮೊದಲಾಗಿದ್ದರೆ ಸೊಸೆಯೂ ನಗುತ್ತಿದ್ದಳು. ಈಗ ತಟ್ಟೆಯಲ್ಲಿನ ಆಲೂಗಡ್ಡೆಯನ್ನು ಚಮಚದಿಂದ ಅಮುಕುತ್ತ ಕೂತಿರುತ್ತಿದ್ದಳು.

"ತಿನ್ನಮ್ಮ, ತಣ್ಣಗಾಗತ್ತೆ," ಎನ್ನುವರು ಅತ್ತೆ.

"ಹೂಂ."

"ಇನ್ನೊಂದು ಮೊಟ್ಟೆ ಹಾಕ್ಲಾ?"

"ಬೇಡ."

"ಎದೆ ಒಡೆದವರ ಹತ್ತಿರಾನೇ ದೇವರು ಇರ್ತಾನಂತೆ..."

ಸೊಸೆ ತಟ್ಟೆ ಎತ್ತಿಕೊಂಡು ಎದ್ದು ಹೋಗುವಳು. ನಲ್ಲಿ ಬಿಟ್ಟು ನೀರಿನ ಸದ್ದಿನಲ್ಲಿ ಅತ್ತೆಯ ಉಳಿದ ಮಾತನ್ನು ಮುಳುಗಿಸಿಬಿಡುವಳು.

*

ಸಂಜೆಯ ಊಟವಾದ ಮೇಲೆ ಬೈಬಲಿನಿಂದ ಒಂದು ಭಾಗ ಓದುವುದು ಆ ಮನೆಯಲ್ಲಿ ಮೊದಲಿನಿಂದ ನಡೆದು ಬಂದದ್ದು. ಓದುವವರು ಮಾವ. ಕಣ್ಣು ಮಂಜಾದ ಮೇಲೆ ಭೂತಗನ್ನಡಿ ಹಿಡಿದು ಓದಿದರು. ಆಮೇಲೆ ಅದೂ ಸಾಗಲಿಲ್ಲ. ಕೆಲವು ದಿನ ಗಿಣಿ ಓದಿದಳು. ಮಾತ್ರೆಯ ಪಟ್ಟಿಯ ಮೇಲಿನ ಹೆಸರು ಕೂಗಿದಂತೆ ಗಡಗಡ ಓದಿ ಮುಗಿಸುತ್ತಿದ್ದಳು. ಅವಳಿಗೆ ಸಂಜೆಯ ಪಾಳಿ ಬಿದ್ದಾಗ ಅದೂ ನಿಂತಿತು. ಗಂಡ ನಸುಕಿಗೆ ಮುಂಚೆ ಏಳಬೇಕಾದವನು, ಕೊನೆಯ ತುತ್ತು ನುಂಗುವಾಗಲೇ ತೂಕಡಿಸುತ್ತಿದ್ದ.

ಒಂದು ಸಂಜೆ ಮಾವ ಮೇಜನ್ನು ತಡವಿ, ಪುಸ್ತಕವನ್ನು ಸೊಸೆಯ ಕಡೆಗೆ ತಳ್ಳಿದರು.

"ನೀನು ಓದ್ತೀಯೇನಮ್ಮ?"

ಅತ್ತೆಯ ಮುಖ ಅರಳಿತು. ಸೊಸೆ ಕೊನೆಗೂ ದಾರಿಗೆ ಬಂದಳೆಂದು ಅವರು ತಟ್ಟೆ ಎತ್ತುವುದನ್ನು ಬಿಟ್ಟು ಕೂತರು. "ಆ ಕುರುಬನ ಕೀರ್ತನೆ ಓದಮ್ಮ. ಹಸಿರು ಹುಲ್ಲು, ತಣ್ಣಗಿರೋ ನೀರು..."

"ಓದ್ತೀನಿ ಮಾವ," ಎಂದಳು ಸೊಸೆ. "ಆದ್ರೆ ಏನು ಓದ್ಬೇಕು ಅಂತ ನಾನೇ ನೋಡ್ಕೋತೀನಿ."

"ನೋಡ್ಕೊ."

ಅವಳು ಹಾಳೆ ತಿರುವಿದಳು. ಚಿಕ್ಕಂದಿನಲ್ಲಿ ರವಿವಾರದ ಪಾಠದಲ್ಲಿ ಕಲಿತದ್ದು ಮಸುಕಾಗಿ ನೆನಪಿತ್ತು. ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತವನ ಕಥೆ. ಅವನು ಬಾಯಿ ಬಿಡುವ ಜಾಗ ಹುಡುಕಿದಳು. ತಾನು ಹುಟ್ಟಿದ ದಿನವೇ ಅಳಿಸಿಹೋಗಲಿ ಎನ್ನುತ್ತಾನೆ ಅವನು. ಆ ದಿನಕ್ಕೆ ಬೆಳಕೇ ಬೇಡ ಎನ್ನುತ್ತಾನೆ. ತಾಯಿಯ ಹೊಟ್ಟೆಯಿಂದ ಬರುವಾಗಲೇ ಯಾಕೆ ಸಾಯಲಿಲ್ಲ ನಾನು ಎಂದು ಕೇಳುತ್ತಾನೆ. ಸೊಸೆ ಒಂದೊಂದೇ ಮಾತನ್ನು ನಿಧಾನವಾಗಿ, ಕಲ್ಲು ಜೋಡಿಸಿಟ್ಟಂತೆ ಓದಿದಳು. ಬೆಳಕು ಕಾಣದೆ ಹೋದ ಕೂಸಿನ ಮಾತು ಬಂದಾಗ ಅವಳ ದನಿ ಒಡೆಯಿತು. ಆದರೂ ನಿಲ್ಲಿಸಲಿಲ್ಲ.

ಅತ್ತೆಯ ಮುಖ ಬಿಳಿಚಿಕೊಂಡಿತು. "ಇದು ಬೈಬಲಿನಲ್ಲಿ ಇದ್ಯಾ?"

"ಇದೆ. ನಾನೇನು ತವರಿಂದ ತಂದದ್ದಾ?"

ತಿಂಗಳ ಮೇಲೆ ಅತ್ತೆಗೆ ಅವಳು ಆಡಿದ ಮೊದಲ ಪೂರ್ತಿ ಮಾತು ಅದು.

"ರೀ, ಇದು ನಿಜವಾಗ್ಲೂ ಇದ್ಯಾ?" ಅತ್ತೆ ಮಾವನ ಕಡೆ ತಿರುಗಿದರು. "ಇಷ್ಟು ವರ್ಷದಲ್ಲಿ ನೀವು ಒಂದ್ಸಲಾನೂ ಓದ್ಲಿಲ್ವಲ್ಲ!"

ಮಾವ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಇದೆ ಕಣೇ. ಅಲ್ಲಿಗೆ ಬಂದಾಗೆಲ್ಲ ನಾನು ಹಾರಿಸಿಬಿಡ್ತಿದ್ದೆ. ಊಟ ಆದ್ಮೇಲೆ ಯಾರಿಗೆ ಬೇಕು ಅಂತ."

ಅತ್ತೆ ತಟ್ಟೆಗಳನ್ನು ಒಂದರ ಮೇಲೊಂದು ಸದ್ದು ಮಾಡುತ್ತ ಪೇರಿಸಿಕೊಂಡು ಒಳಗೆ ಹೋದರು. ಗಂಡ ತಲೆ ಎತ್ತಲಿಲ್ಲ. ನಿದ್ದೆ ಹತ್ತಿತ್ತೋ, ಹತ್ತಿದವನಂತೆ ಕೂತಿದ್ದನೋ, ಸೊಸೆಗೆ ತಿಳಿಯಲಿಲ್ಲ.

"ನಾಳೆನೂ ಓದು," ಎಂದರು ಮಾವ.

*

ಹೀಗೆ ಶುರುವಾದದ್ದು ವಾರಗಟ್ಟಲೆ ನಡೆಯಿತು. ಸೊಸೆ ಮೊದಲು ಓದಿದ್ದು ಅತ್ತೆಯನ್ನು ಚುಚ್ಚಲಿಕ್ಕೆ, ಇದರಲ್ಲಿ ಮುಚ್ಚುಮರೆಯಿಲ್ಲ. ಹಾಸಿಗೆ ಕಣ್ಣೀರಿನಲ್ಲಿ ತೇಲುತ್ತಿದೆ ಎನ್ನುವವನನ್ನು ಓದಿದಳು. ದೇವರೇ, ಯಾಕೆ ನನ್ನ ಕೈಬಿಟ್ಟೆ ಎನ್ನುವವನನ್ನು ಓದಿದಳು. ಸುಟ್ಟುಹೋದ ಊರಿನ ಬೀದಿಯಲ್ಲಿ ಕೂತು ಗೋಳಾಡುವವರನ್ನು ಓದಿದಳು. ಅತ್ತೆ ಒಂದು ದಿನ ಸೂಪಿನ ಬಟ್ಟಲು ಹಿಡಿದು ಅಡುಗೆಮನೆಗೆ ಹೋಗಿ ಅಲ್ಲೇ ನಿಂತು ಊಟ ಮುಗಿಸಿದರು. ಆಮೇಲೆ ಅದೇ ರೂಢಿಯಾಯಿತು. ಒಂದು ಮನೆ, ಒಂದೇ ಪಾತ್ರೆಯ ಅಡುಗೆ, ಎರಡು ಕಡೆ ಊಟ.

"ಒಂದು ಹೊತ್ತು ನೆಮ್ಮದಿಯಾಗಿ ಉಣ್ಣೋಕೆ ಬಿಡಲ್ವಾ ನೀವಿಬ್ರು?" ಎಂದು ಗಂಡ ಒಮ್ಮೆ ಕೇಳಿದ.

"ನಾನು ದೇವರ ಪುಸ್ತಕ ಓದ್ತಿದ್ದೀನಿ. ಅದೂ ತಪ್ಪಾ?" ಎಂದಳು ಸೊಸೆ.

ಅವನು ತಟ್ಟೆ ಸರಿಸಿ ಎದ್ದುಹೋದ.

ರಜೆ ಮುಗಿದು ಅವಳು ಲಾಂಡ್ರಿಗೆ ಹೋಗತೊಡಗಿದ್ದಳು. ಹೋಟೆಲುಗಳ ಹಾಸಿಗೆ ಬಟ್ಟೆ, ಆಸ್ಪತ್ರೆಗಳ ಹೊದಿಕೆ, ಎಲ್ಲ ಅಲ್ಲಿಗೇ ಬರುತ್ತಿತ್ತು. ಹಬೆ ತುಂಬಿದ ಉದ್ದನೆಯ ಕೋಣೆ. ಗೋಡೆಗಳು ಯಾವಾಗಲೂ ಬೆವರುತ್ತಿದ್ದವು. ಒಂದು ಬೆಳಿಗ್ಗೆ ಮೇಲ್ವಿಚಾರಕಿ ತಂದು ಸುರಿದ ಗಂಟಿನಲ್ಲಿ ಟವೆಲಿಗಿಂತ ಸ್ವಲ್ಪ ದೊಡ್ಡದಾದ ಹಾಸುಬಟ್ಟೆಗಳಿದ್ದವು. ಹೆರಿಗೆ ವಾರ್ಡಿನವು, ತೊಟ್ಟಿಲಿಗೆ ಹಾಸುವಂಥವು.

ಮೇಲ್ವಿಚಾರಕಿಗೂ ಅದು ಆಮೇಲೆ ಹೊಳೆಯಿತು. "ಇರ್ಲಿ ಬಿಡು, ಬೇರೆಯವರಿಗೆ ಕೊಡ್ತೀನಿ."

"ಪರವಾಗಿಲ್ಲ," ಎಂದಳು ಸೊಸೆ.

ಪರವಾಗಿಲ್ಲ ಎಂದದ್ದು ಬಾಯಿ, ಕೈಯಲ್ಲ. ಮೊದಲನೆಯ ಬಟ್ಟೆಯನ್ನು ಎರಡು ಸಲ ಹರವಿದರೂ ಅಂಚು ಕೂಡಲಿಲ್ಲ. ಇಸ್ತ್ರಿ ಯಂತ್ರದ ಹಿಡಿಯನ್ನು ಕೆಳಗೆ ಎಳೆದಳು. ಹಬೆ ಬುಸ್ಸೆಂದಿತು. ಆಗ ಹಿಂದಿನ ದಿನ ಓದಿದ್ದು ತಾನಾಗಿ ಬಾಯಿಗೆ ಬಂತು: ಇನ್ನೆಷ್ಟು ದಿನ, ದೇವರೇ? ಹಿಡಿ ಎತ್ತಿದಳು, ಬಟ್ಟೆ ಮಡಿಸಿದಳು, ಮತ್ತೊಂದನ್ನು ಹರವಿದಳು. ಇನ್ನೆಷ್ಟು ದಿನ? ಮತ್ತೆ ಹಬೆ. ಗಂಟು ಕರಗುವವರೆಗೂ ಹಾಗೇ ಕೇಳುತ್ತ ಹೋದಳು. ಉತ್ತರವೇನೂ ಬರಲಿಲ್ಲ. ಆದರೆ ಯಾವನೋ ಒಬ್ಬ ಯಾವ ಕಾಲದಲ್ಲೋ ಇದನ್ನೇ ಕೇಳಿದ್ದಾನೆ, ಅದನ್ನು ಯಾರೂ ಹೊಡೆದುಹಾಕದೆ ಉಳಿಸಿಕೊಂಡು ಬಂದಿದ್ದಾರೆ ಎನ್ನುವುದನ್ನು ಹಿಡಿದುಕೊಂಡು ಆ ದಿನದ ಕೆಲಸ ಮುಗಿಸಿದಳು. ಮರುದಿನಕ್ಕೆ ಬೇರೆ ಸಾಲು ಬೇಕಾಯಿತು. ಬೆಳಿಗ್ಗೆ ಟೀ ಕಾಯಿಸುತ್ತಲೇ ಪುಸ್ತಕ ತೆರೆದು ಒಂದು ಸಾಲು ಹುಡುಕಿಕೊಂಡು ಹೋದಳು. ಅದು ಅತ್ತೆಯನ್ನು ಚುಚ್ಚಲಿಕ್ಕಲ್ಲ, ತನಗೇ.

ಗಿಣಿಗೆ ಇದು ಹೇಗೋ ತಿಳಿಯಿತು. ರಜೆಯ ದಿನ ತಲೆ ಒಣಗಿಸಿಕೊಳ್ಳುತ್ತ ಬಂದು ಕೂತಳು.

"ಅತ್ತಿಗೆ, ನಮ್ಮ ಮೇನೇಜರ್‌ಗೆ ಸರಿಯಾದ್ದೊಂದು ವಾಕ್ಯ ಹುಡುಕಿ ಕೊಡಿ. ಎಲ್ಲರೆದುರಿಗೆ ನನ್ನನ್ನ ದಡ್ಡಿ ಅಂದ."

ಸೊಸೆ ಹಾಳೆ ತಿರುವಿದಳು. "ಶತ್ರುಗಳ ಹಲ್ಲು ಮುರಿದುಹಾಕು ಅಂತ ಒಬ್ಬ ದೇವರನ್ನ ಕೇಳ್ತಾನೆ. ಆಗತ್ತಾ?"

"ಅಯ್ಯೋ, ಮುರಿಯೋದು ಬೇಡ. ಹಲ್ಲುನೋವು ಬಂದ್ರೆ ಸಾಕು. ಮಾತ್ರೆ ನಾನೇ ಕೊಡ್ತೀನಿ, ಬಿಲ್ಲು ಹಾಕಿ."

ಮಾವ ಗಹಗಹಿಸಿ ನಕ್ಕರು. ಸೊಸೆಯ ತುಟಿಯೂ ಒಂದಿಷ್ಟು ಸಡಿಲಾಯಿತು. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಗಿಣಿ ಎದ್ದುಹೋದ ಮೇಲೆ ಮಾವ ದನಿ ತಗ್ಗಿಸಿದರು. ದನಿ ತಗ್ಗಿಸುವುದು ಅವರಿಗೆ ಕಷ್ಟದ ಕೆಲಸ. "ಒಂದು ಮಾತು ಹೇಳ್ತೀನಿ. ಕಣ್ಣು ಹೋಗೋಕೆ ಶುರುವಾದಾಗ, ಬೆಳಕು ಬೆಳಕು ಅಂತ ಎಲ್ಲಿ ಓದಿದ್ರೂ ನನಗೆ ಮೈಯೆಲ್ಲ ಉರೀತಿತ್ತು. ಯಾರ ಹತ್ರಾನೂ ಹೇಳ್ಲಿಲ್ಲ. ನೀನು ಓದೋದು ಕೇಳಿದ್ರೆ ಹಾಗಾಗಲ್ಲ. ಕತ್ತಲಲ್ಲಿ ನನ್ನ ಪಕ್ಕ ಯಾರೋ ಬಂದು ಕೂತ ಹಾಗಿರತ್ತೆ."

"ಅತ್ತೆಗೆ ಹೇಳಿ ಇದನ್ನ."

"ಅವಳಿಗಾ?" ಮಾವ ತಲೆಯಾಡಿಸಿದರು. "ಅವಳು ತಕ್ಷಣ ಒಂದು ವಾಕ್ಯ ಹೇಳಿಬಿಡ್ತಾಳೆ."

*

ಒಂದು ರವಿವಾರ ಚರ್ಚಿನ ಪ್ರಾರ್ಥನಾ ಕೂಟದ ಇಬ್ಬರು ಹೆಂಗಸರು ಮನೆಗೆ ಬಂದರು. ಒಬ್ಬಾಕೆ ಸ್ಕೂಲ್ ಟೀಚರು, ಇನ್ನೊಬ್ಬಾಕೆ ಟೀಚರು ಹೇಳಿದ್ದಕ್ಕೆಲ್ಲ ತಲೆಯಾಡಿಸುವಾಕೆ. ಅತ್ತೆ ಬಿಸ್ಕತ್ತು ತಟ್ಟೆಗೆ ಹಾಕಿ ಟೀ ಕೊಟ್ಟರು. ಸೊಸೆಯೂ ಮರ್ಯಾದೆಗೆಂದು ಬಂದು ಕೂತಳು.

"ದೇವರ ತೋಟಕ್ಕೆ ಒಂದು ಮೊಗ್ಗು ಬೇಕಿತ್ತು, ತಗೊಂಡ," ಎಂದರು ಟೀಚರು. "ನಿನಗಿನ್ನೂ ವಯಸ್ಸಿದೆ. ವರ್ಷ ತುಂಬೋದ್ರಲ್ಲಿ ಇನ್ನೊಂದಾಗತ್ತೆ ನೋಡು."

"ಆಗೇ ಆಗತ್ತೆ," ಎಂದರು ಇನ್ನೊಬ್ಬರು.

"ನಾನೂ ಅದನ್ನೇ ಹೇಳ್ತಿರ್ತೀನಿ," ಎಂದರು ಅತ್ತೆ, ಟೀ ಬಗ್ಗಿಸುತ್ತ.

ಸೊಸೆ ಕಪ್ಪನ್ನು ಕೆಳಗಿಟ್ಟಳು. "ಟೀಚರೇ, ನಿಮಗೆ ಮೂರು ಜನ ಮಕ್ಕಳಲ್ವಾ? ಅದರಲ್ಲಿ ಯಾವುದು ಹೋದ್ರೆ ಪರವಾಗಿಲ್ಲ ನಿಮಗೆ? ಇನ್ನೆರಡು ಉಳಿಯತ್ತಲ್ಲ."

ಟೀಚರ ಕೈಯಲ್ಲಿದ್ದ ಬಿಸ್ಕತ್ತು ಟೀಯಲ್ಲಿ ನೆನೆದು ಮುರಿದು ಬಿತ್ತು.

"ಬಾಯಿ ಮುಚ್ಚು!" ಎಂದರು ಅತ್ತೆ. "ಮನೆಗೆ ಬಂದವರಿಗೆ ಆಡೋ ಮಾತಾ ಇದು?"

"ನನ್ನ ಮಗೂನ ನನಗೆ ತೋರಿಸದೆ ಮಣ್ಣಿಗೆ ಹಾಕಿದ್ರಲ್ಲ, ಅದು ಮಾಡೋ ಕೆಲಸಾನಾ?"

ಹೆಂಗಸರು ಚೀಲ ಎತ್ತಿಕೊಂಡು ಮೆಟ್ಟಿಲಿಳಿದರು. ಅತ್ತೆ ಕೈಗೆ ಸಿಕ್ಕ ಒರಸುಬಟ್ಟೆಯನ್ನೇ ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದರು.

ಸಂಜೆ ಗಂಡ ಬೂಟು ಬಿಚ್ಚುವ ಮೊದಲೇ ವಿಷಯ ತಿಳಿಯಿತು. ಅವನು ಕೋಣೆಯ ಬಾಗಿಲಲ್ಲಿ ನಿಂತು, "ಅಮ್ಮನ ಮುಖಕ್ಕೆ ಮಸಿ ಬಳಿದ್ಯಂತಲ್ಲ," ಎಂದ.

"ನನ್ನ ಹತ್ರ ಬೇರೆ ಮಾತೇ ಇಲ್ವಾ ನಿಮಗೆ?" ಎಂದಳು ಸೊಸೆ. "ಸರಿ, ನಾನೇ ಒಂದು ಕೇಳ್ತೀನಿ. ಅವಳು ಹೇಗಿದ್ಲು?"

"ಯಾರು?"

"ಯಾರು ಅಂತ ಕೇಳ್ತೀರಾ?"

"ನಾನು ನೋಡ್ಲಿಲ್ಲ."

"ಹೊತ್ಕೊಂಡು ಹೋದೋರು ನೀವು!"

"ಪೆಟ್ಟಿಗೆ ಮುಚ್ಚಿತ್ತು. ಎಲ್ಲ ಅಮ್ಮನೇ ಮಾಡಿ ಮುಚ್ಚಿ ಕೊಟ್ಲು. ಅಪ್ಪನ ಕೈ ಹಿಡ್ಕೊಂಡು, ಪೆಟ್ಟಿಗೆ ಎತ್ಕೊಂಡು ಹೋದೆ."

"ದಿನಾ ಅಷ್ಟು ದೊಡ್ಡ ಒಲೆ ಬಾಗಿಲು ತೆಗೀತೀರಿ. ಒಂದು ಮುಚ್ಚಳ ತೆಗೆಯೋಕೆ ಕೈ ಬರ್ಲಿಲ್ವಾ?"

ಅವನು ಬಾಗಿಲ ಹಿಂದಿನ ಕೋಟು ತೆಗೆದುಕೊಂಡು ಹೊರಟುಹೋದ. ಆ ದಿನದಿಂದ ಬೇಕರಿಯ ಅಟ್ಟದಲ್ಲಿ, ಹಿಟ್ಟಿನ ಮೂಟೆಗಳ ಪಕ್ಕದಲ್ಲೇ ಮಲಗತೊಡಗಿದ. ದಿನವೂ ಕೆಳಗಿನ ಸೈಕಲ್ ಅಂಗಡಿಯಲ್ಲಿ ಮನೆಗೆಂದು ಬ್ರೆಡ್ ಇಟ್ಟು ಹೋಗುತ್ತಿದ್ದ. ಮೇಲೆ ಮಾತ್ರ ಬರುತ್ತಿರಲಿಲ್ಲ. ಅತ್ತೆ ಬ್ರೆಡ್ ತಂದು ಕೊಯ್ದು ಮೇಜಿನ ಮೇಲಿಡುವರು. ಸೊಸೆ ಅದನ್ನು ಮುಟ್ಟುತ್ತಿರಲಿಲ್ಲ.

ಅತ್ತೆ ವಾಕ್ಯ ಹೇಳುವುದನ್ನೂ ನಿಲ್ಲಿಸಿದರು. ಬೆಳಿಗ್ಗೆ ಗಿಣಿ ಕೆಲಸಕ್ಕೆ ಹೊರಡುವಾಗ ಬಾಗಿಲವರೆಗೂ ಬಂದು ಸುಮ್ಮನೆ ನಿಲ್ಲುವರು. "ಏನಮ್ಮ, ಇವತ್ತು ಅಂಗಡಿ ಬಂದ್?" ಎಂದು ಗಿಣಿ ಕೇಳಿದರೂ ನಗುತ್ತಿರಲಿಲ್ಲ. ಮಾಡಿದ ಕೆಲಸವನ್ನೇ ಮತ್ತೆ ಮಾಡುವರು. ತೊಳೆದ ಪಾತ್ರೆಯನ್ನು ಮತ್ತೆ ತೊಳೆಯುವರು.

*

ಕೊನೆಗೆ ಸೊಸೆ ಅಕ್ಕನ ಮನೆಗೆ ಹೊರಟಳು. ಅಕ್ಕನ ಊರಿನಲ್ಲೂ ಲಾಂಡ್ರಿಗಳಿದ್ದವು, ಮಲಗಲು ಒಂದು ಮೂಲೆಯಿತ್ತು. ಹಗಲು ಪೆಟ್ಟಿಗೆಗೆ ಬಟ್ಟೆ ತುಂಬುವಾಗ ಗಿಣಿ ಎದುರಿಗೆ ಕೂತು ಅತ್ತಳು.

"ವಾಪಸ್ ಬರ್ತೀರಾ ಅತ್ತಿಗೆ?"

"ಗೊತ್ತಿಲ್ಲ ಕಣೆ."

"ಗೊತ್ತಿಲ್ಲ ಅಂದ್ರೆ ಬರಲ್ಲ ಅಂತ."

ಸೊಸೆ ಅವಳ ತಲೆ ಸವರಿದಳು. ಗಿಣಿ ಮೂಗು ಒರೆಸಿಕೊಂಡು ಸಂಜೆಯ ಪಾಳಿಗೆ ಹೋದಳು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಸೊಸೆ ಪೆಟ್ಟಿಗೆಯನ್ನು ಬಾಗಿಲ ಹತ್ತಿರ ತಂದಿಟ್ಟಳು. ಮಾವ ಸದ್ದಿನಿಂದಲೇ ತಿಳಿದುಕೊಂಡರು. ಅವರು ಎಂದಿನಂತೆ ಮೇಜಿನ ಮುಂದೆ ಕೂತಿದ್ದರು. ಎದುರಿಗೆ ಪುಸ್ತಕವಿತ್ತು.

"ಹೋಗಬೇಡ ಅನ್ನೋಕೆ ನನಗೆ ಬಾಯಿಲ್ಲಮ್ಮ," ಎಂದರು. "ಮುಚ್ಚಿದ ಪೆಟ್ಟಿಗೆ ಜೊತೆ ನಾನೂ ಹೋದವನೇ. ಹೋಗು. ಆದ್ರೆ ಇವತ್ತಿನದೊಂದು ಓದಿ ಹೋಗು."

ಸೊಸೆ ಕೋಟು ಹಾಕಿಕೊಂಡೇ ಕೂತಳು. ಓದಲು ಒಂದು ಭಾಗ ಆಗಲೇ ಅವಳ ತಲೆಯಲ್ಲಿತ್ತು. ಬೆಳಿಗ್ಗೆ ಹಾಳೆ ತಿರುವುವಾಗ ಕಣ್ಣಿಗೆ ಬಿದ್ದಿತ್ತು. ಏಸುವಿನ ಜನನದ ಕಥೆಯ ನಡುವೆಯೇ ಇತ್ತು ಅದು. ಅರಸನೊಬ್ಬ ಊರಿನ ಕೂಸುಗಳನ್ನೆಲ್ಲ ಕೊಲ್ಲಿಸುತ್ತಾನೆ. ಅಲ್ಲಿಗೆ ಒಂದು ಹಳೆಯ ಮಾತು ಬರುತ್ತದೆ. ರಾಹೇಲ ಎಂಬ ತಾಯಿ ಮಕ್ಕಳಿಗಾಗಿ ಗೋಳಿಡುತ್ತಾಳೆ. ಮಕ್ಕಳು ಇಲ್ಲವಲ್ಲ ಎಂದು, ಯಾರ ಸಮಾಧಾನವೂ ಬೇಡವೆನ್ನುತ್ತಾಳೆ.

ಓದಿ ಮುಗಿಸಿ ಪುಸ್ತಕ ಮುಚ್ಚಿದಳು. ಅಡುಗೆಮನೆಯಲ್ಲಿ ನೀರಿನ ಸದ್ದು ನಿಂತಿತು. ಅತ್ತೆ ಒದ್ದೆ ಕೈಯಲ್ಲೇ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಇನ್ನೊಂದ್ಸಲ ಓದು."

ಸೊಸೆ ಮತ್ತೆ ತೆರೆದು ಓದಿದಳು.

"ಸಮಾಧಾನ ಬೇಡ ಅಂದ್ಲಾ? ಹಾಗೇ ಅಂದ್ಲಾ?"

"ಹೂಂ. ಹಾಗೇ ಬರೆದಿದೆ."

"ದೇವರು ಏನಂದ? ಬೈದ್ನಾ ಅವಳಿಗೆ?"

ಸೊಸೆ ಮುಂದಿನ ಸಾಲು ನೋಡಿದಳು. "ಇಲ್ಲಿ ಏನೂ ಅನ್ನಲ್ಲ. ಯಾರೂ ಬೈಯಲ್ಲ. ಅವಳನ್ನ ಅಳೋಕೆ ಬಿಟ್ಟು ಕಥೆ ಮುಂದೆ ಹೋಗತ್ತೆ."

ಅತ್ತೆ ಬಂದು ಕುರ್ಚಿಯಲ್ಲಿ ಕುಸಿದು ಕೂತರು. ಎಷ್ಟೋ ವಾರದ ಮೇಲೆ ಅವರು ಆ ಮೇಜಿನ ಮುಂದೆ ಕೂತದ್ದು ಅಂದೇ. ಒದ್ದೆ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಅವನ್ನೇ ನೋಡಿದರು.

"ಬಿಸಿನೀರು ಇರ್ಲಿಲ್ಲ," ಎಂದರು.

"ಎಲ್ಲಿ?"

"ಆಸ್ಪತ್ರೇಲಿ. ತೊಳೆದು ಕೊಡ್ತೀನಿ ಅಂತ ನಾನೇ ಒಳಗೆ ಹೋದೆ. ಸ್ವಲ್ಪ ಬಿಸಿನೀರು ಕೊಡಮ್ಮ ಅಂದೆ ನರ್ಸಿಗೆ. ಈಗ ಯಾಕಜ್ಜಿ ಬಿಸಿನೀರು ಅಂದ್ಲು. ಏನಂತ ಹೇಳ್ಲಿ? ತಣ್ಣೀರಲ್ಲೇ ತೊಳೆದೆ. ದಿನಾ ಪಾತ್ರೆ ತೊಳೆಯೋಕೆ ನಲ್ಲಿ ಬಿಟ್ಟಾಗ ಅದೇ ನೆನಪಾಗತ್ತೆ. ಎಷ್ಟು ತಣ್ಣಗಿತ್ತು ನೀರು."

ಮಾವನ ಕೈ ಮೇಜಿನ ಮೇಲೆ ಹೆಂಡತಿಯ ಕೈಯನ್ನು ಹುಡುಕಿತು, ಸಿಗಲಿಲ್ಲ.

"ಹೇಗಿದ್ಲು?" ಎಂದಳು ಸೊಸೆ. ದನಿ ತನ್ನದೇ ಎಂದು ಅವಳಿಗೆ ಅನ್ನಿಸಲಿಲ್ಲ.

"ಕೂದಲು ತುಂಬಾ ಇತ್ತು. ಒದ್ದೆಯಾದ್ಮೇಲೆ ಹಣೆಗೆಲ್ಲ ಅಂಟ್ಕೊಳ್ತು. ಉಗುರು ಬೆಳೆದಿತ್ತು, ಕತ್ತರಿಸಬೇಕು ಅನ್ನೋ ಹಾಗೆ. ಎಡಗಿವಿ ಮಡಚಿಕೊಂಡಿತ್ತು. ಬೆರಳಲ್ಲಿ ಬಿಡಿಸಿದೆ, ಮತ್ತೆ ಮಡಚಿಕೊಳ್ತು. ಮತ್ತೆ ಬಿಡಿಸಿದೆ."

"ಮುಖ?"

"ಮೂಗು ಬಾಯಿ ಎಲ್ಲ ನಿನ್ನ ಗಂಡ ಹುಟ್ಟಿದಾಗ ಇದ್ದ ಹಾಗೇ. ಹಣೆ ಮಾತ್ರ ನಿಂದು. ನಿನಗೆ ನನ್ನ ಮೇಲೆ ಸಿಟ್ಟು ಬಂದಾಗ ಹುಬ್ಬು ಗಂಟಿಕ್ತೀಯಲ್ಲ, ಹಾಗೇ ಗಂಟಿಕ್ಕೊಂಡಿತ್ತು. ಯಾರ ಮೇಲೆ ಸಿಟ್ಟೋ."

ಸೊಸೆಯ ಗಂಟಲಿನಿಂದ ಒಂದು ಸದ್ದು ಹೊರಟಿತು. ಅಳುವೋ ನಗುವೋ ಹೇಳಲಾಗದು. ಕೋಟಿನ ತೋಳಿಗೆ ಮುಖ ಒತ್ತಿಕೊಂಡಳು.

"ನೀನು ನೋಡದಿದ್ರೆ ಮರೀತೀಯ ಅಂದ್ಕೊಂಡೆ," ಎಂದರು ಅತ್ತೆ. "ನೋಡಿದ ನಾನು ಒಬ್ಬಳೇ ಉಳಿದೆ. ಯಾರ ಹತ್ರ ಹೇಳ್ಲಿ? ಅವತ್ತಿಂದ ನಿನಗೆ ಹೇಳಿದ ವಾಕ್ಯ ಎಲ್ಲ ನನಗೆ ನಾನೇ ಹೇಳ್ಕೊಂಡಿದ್ದು ಕಣೇ. ಒಂದೂ ಮನಸ್ಸಿಗೆ ಹತ್ತಲಿಲ್ಲ. ನೀನು ಓದ್ತಿದ್ಯಲ್ಲ, ಆ ಗೋಳಿನವು... ಅದನ್ನೆಲ್ಲ ಅಲ್ಲೇ ಗೋಡೆ ಹಿಂದೆ ನಿಂತು ಕೇಳಿದೀನಿ. ಕೆಟ್ಟದ್ದು ಅಂತ ಎದ್ದು ಹೋಗ್ತಿರ್ಲಿಲ್ಲ ನಾನು. ನಿಮ್ಮೆದುರಿಗೆ ಅಳಬಾರ್ದು ಅಂತ ಹೋಗ್ತಿದ್ದೆ."

ಕೆಳಗೆ ಸೈಕಲ್ ಅಂಗಡಿಯವನು ಶಟರ್ ಎಳೆದ ಸದ್ದಾಯಿತು. ಬಸ್ಸಿನ ಹೊತ್ತು ಮೀರುತ್ತಿತ್ತು.

"ತಪ್ಪು ಮಾಡಿದ್ರಿ ಅತ್ತೆ," ಎಂದಳು ಸೊಸೆ.

"ಹೂಂ. ಮಾಡಿದೆ."

ಅದರ ಹಿಂದೆ ಒಂದು ವಾಕ್ಯ ಬರುವುದೆಂದು ಸೊಸೆ ಕಾದಳು. ಬರಲಿಲ್ಲ.

ಮೆಟ್ಟಿಲ ಮೇಲೆ ಯಾರೋ ಓಡಿ ಬಂದ ಸದ್ದಾಯಿತು. ಗಂಡ ಏದುಸಿರು ಬಿಡುತ್ತ ಬಾಗಿಲು ತಳ್ಳಿದ. ಬೇಕರಿಯ ಏಪ್ರನ್ನೂ ಬಿಚ್ಚಿರಲಿಲ್ಲ. ಮೊದಲು ಕಂಡದ್ದು ಪೆಟ್ಟಿಗೆ, ಆಮೇಲೆ ಕೋಟು ಹಾಕಿಕೊಂಡ ಹೆಂಡತಿ, ಆಮೇಲೆ ಮೇಜಿನ ಮುಂದೆ ಕೂತ ತಾಯಿ.

"ಗಿಣಿ ಫೋನ್ ಮಾಡಿದ್ಲು," ಎಂದ. "ನೀನು ಹೊರಟಿದ್ದೀಯ ಅಂತ. ಏನಾಯ್ತು? ಯಾಕೆ ಎಲ್ಲರೂ ಹೀಗೆ..."

"ನಿನ್ನ ಮಗಳ ವಿಷಯ ಮಾತಾಡ್ತಿದಾರೆ," ಎಂದರು ಮಾವ.

ಆ ಮನೆಯಲ್ಲಿ 'ನಿನ್ನ ಮಗಳು' ಎಂಬ ಮಾತು ಅದುವರೆಗೆ ಯಾರ ಬಾಯಿಂದಲೂ ಬಂದಿರಲಿಲ್ಲ. ಗಂಡ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಕೈಗಳನ್ನು ಏಪ್ರನ್ನಿಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

"ನಾನು ನೋಡ್ಲೇ ಇಲ್ಲಮ್ಮ," ಎಂದ, ಚಿಕ್ಕ ಹುಡುಗನಂತೆ. "ಹೆದರಿಕೆ ಆಗಿತ್ತು."

ಸೊಸೆ ಅವನ ಕಡೆ ನೋಡಲಿಲ್ಲ. ಅವನ ಮೇಲಿನ ಸಿಟ್ಟು ಇನ್ನೂ ಇದ್ದಲ್ಲೇ ಇತ್ತು. ಆದರೂ ಪಕ್ಕದ ಕುರ್ಚಿಯನ್ನು ಕಾಲಿನಿಂದ ಹಿಂದಕ್ಕೆ ಸರಿಸಿದಳು.

"ಕೂತ್ಕೊಳ್ಳಿ," ಎಂದಳು. ಆಮೇಲೆ ಅತ್ತೆಯ ಕಡೆ ತಿರುಗಿದಳು. "ಮೊದಲಿಂದ ಹೇಳಿ ಅತ್ತೆ. ಇವರೂ ಕೇಳ್ಲಿ."

ಅತ್ತೆ ಅಂಗೈಯಿಂದ ಕಣ್ಣು ಒರೆಸಿಕೊಂಡು, ಮಗನ ಮುಖ ನೋಡಿದರು.

"ಕೂದಲು ತುಂಬಾ ಇತ್ತು ಕಣಪ್ಪ," ಎಂದು ಶುರು ಮಾಡಿದರು.